ದತ್ತು ಮತ್ತು ಫಾಸ್ಟರ್ ಕುಟುಂಬಗಳ ಕೇಸ್‌ವರ್ಕರ್ ಕೆಲಸ: ಫೈಲ್ ಕೈಗೆ ಬಂದ ದಿನದಿಂದ ಏನೇನು ಮಾಡಬೇಕು

ಒಂದು ರಾತ್ರಿ ಹನ್ನೊಂದು ಗಂಟೆಗೆ ಫೋನ್ ಬಂತು. ಒಬ್ಬ ಫಾಸ್ಟರ್ ತಾಯಿ, ಅಂದರೆ ಬೇರೆಯವರ ಮಗುವನ್ನು ಸ್ವಲ್ಪ ಕಾಲ ತಮ್ಮ ಮನೆಯಲ್ಲಿ ಸಾಕುತ್ತಿದ್ದವರು. "ನಮ್ಮ ಕೈಲಿ ಆಗ್ತಿಲ್ಲ. ಬೆಳಿಗ್ಗೆ ಬಂದು ಮಗುವನ್ನ ಕರ್ಕೊಂಡು ಹೋಗಿ" ಎಂದರು. ಅದರ ಹಿಂದಿನ ವಾರವಷ್ಟೇ ನಾನು, ಆ ಮಗುವಿನ ಹೊಣೆ ಹೊತ್ತ ಕೇಸ್‌ವರ್ಕರ್, ಆ ಮನೆಗೆ ಹೋಗಿದ್ದೆ. ಎಲ್ಲ ಚೆನ್ನಾಗಿದೆ ಎಂದಿದ್ದರು. ನಾನೂ ಹಾಗೇ ಬರೆದುಕೊಂಡು ಬಂದಿದ್ದೆ. ಮರುದಿನ ಕೂತು ಮಾತಾಡಿದಾಗ ಗೊತ್ತಾಯಿತು, ಆರು ವಾರದಿಂದ ಆ ಮನೆಯಲ್ಲಿ ಯಾರೂ ಸರಿಯಾಗಿ ನಿದ್ದೆ ಮಾಡಿರಲಿಲ್ಲ. "ಮೊದಲೇ ಯಾಕೆ ಹೇಳಲಿಲ್ಲ?" ಎಂದೆ. "ಹೇಳಿದ್ರೆ ನಾವು ಸರಿಯಿಲ್ಲ ಅಂತ ಬರೀತೀರಲ್ವಾ" ಎಂದರು.

ಆ ಮಾತು ಇವತ್ತಿಗೂ ನನ್ನ ಜೊತೆಗಿದೆ. ಕಾಗದಪತ್ರ, ಭೇಟಿ, ಸಭೆ ಎಲ್ಲವನ್ನೂ ನಾವು ಚಾಚೂ ತಪ್ಪದೆ ಮಾಡಬಹುದು. ಆದರೆ ಕಷ್ಟ ಶುರುವಾದ ದಿನವೇ ಆ ಮನೆಯವರು ನಮಗೆ ಫೋನ್ ಮಾಡದಿದ್ದರೆ ಅಷ್ಟೂ ಕೆಲಸ ಮಗುವಿಗೆ ತಲುಪುವುದಿಲ್ಲ. ಇಲ್ಲಿರುವ ಹಂತಗಳನ್ನೆಲ್ಲ ಅದನ್ನೇ ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ಕಾನೂನು ಒಂದೊಂದು ಕಡೆ ಒಂದೊಂದು ತರಹ. ನಿಮ್ಮ ಕಡೆಯ ನಿಯಮವನ್ನು ಮೊದಲು ಓದಿಕೊಳ್ಳಿ. ಮಗುವಿನ ಮನಸ್ಸು ಮಾತ್ರ ಎಲ್ಲ ಕಡೆಯೂ ಹೆಚ್ಚುಕಮ್ಮಿ ಒಂದೇ.

ಹಂತ 1: ಯಾವ ಮನೆ, ಎಷ್ಟು ದಿನ ಎಂಬುದು ಸ್ಪಷ್ಟವಾಗಿರಲಿ

ಫಾಸ್ಟರ್ ಆರೈಕೆ ಎಂದರೆ ಸ್ವಲ್ಪ ಕಾಲದ ಆಸರೆ. ಹೆತ್ತವರ ಜೊತೆಗಿನ ಕಾನೂನಿನ ನಂಟು ಸಾಮಾನ್ಯವಾಗಿ ಹಾಗೇ ಉಳಿದಿರುತ್ತದೆ. ಮಗು ವಾಪಸ್ ಮನೆಗೆ ಹೋಗಲಿ ಎಂಬುದೇ ಬಹಳ ಸಲ ಗುರಿ. ದತ್ತು ಹಾಗಲ್ಲ. ಅಲ್ಲಿ ಹೊಸ ತಂದೆತಾಯಿಯೇ ಕಾನೂನಿನ ಕಣ್ಣಿನಲ್ಲೂ ಶಾಶ್ವತವಾಗಿ ತಂದೆತಾಯಿ. ಇವೆರಡರ ನಡುವೆ ಅಜ್ಜಿ, ಚಿಕ್ಕಪ್ಪ, ದೊಡ್ಡಮ್ಮ ಹೀಗೆ ನೆಂಟರೇ ಮಗುವನ್ನು ನೋಡಿಕೊಳ್ಳುವ ಮನೆಗಳಿವೆ. ಈ ಮನೆಗಳಿಗೆ ಸಹಾಯ ಬೇಕಿಲ್ಲ ಎಂದು ತುಂಬ ಜನ ಅಂದುಕೊಳ್ಳುತ್ತಾರೆ. ನನ್ನ ಅನುಭವದಲ್ಲಿ ಅವರಿಗೇ ಜಾಸ್ತಿ ಬೇಕು. ತಮ್ಮ ಸ್ವಂತ ಮಗಳ ಮಗುವನ್ನು ಸಾಕುವ ಅಜ್ಜಿ ತನ್ನ ಮಗಳ ಬಗ್ಗೆಯೂ ಒಳಗೊಳಗೇ ಅಳುತ್ತಿರುತ್ತಾಳೆ.

1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು ಒಮ್ಮೆ ಓದಿಬಿಡಿ. 20ನೇ ವಿಧಿ ಮನೆಯಿಂದ ದೂರವಾದ ಮಗುವಿನ ಆರೈಕೆಯ ಬಗ್ಗೆ, 21ನೆಯದು ದತ್ತಿನ ಬಗ್ಗೆ. ನನಗೆ ದಿನನಿತ್ಯ ಕೆಲಸಕ್ಕೆ ಬರುವುದು 12ನೇ ವಿಧಿ. ತನಗೆ ಸಂಬಂಧಿಸಿದ ವಿಷಯದಲ್ಲಿ ಮಗುವಿನ ಮಾತನ್ನು ಕೇಳಬೇಕು ಎನ್ನುತ್ತದೆ ಅದು. ಬೇರೆ ದೇಶಕ್ಕೆ ದತ್ತು ಹೋಗುವ ಪ್ರಕರಣಗಳಿಗೆ 1993ರ ಹೇಗ್ ಒಪ್ಪಂದವಿದೆ. ಮೊದಲು ಹೆತ್ತ ಕುಟುಂಬ, ಅದಾಗದಿದ್ದರೆ ಅದೇ ದೇಶದೊಳಗೆ ಒಂದು ಮನೆ, ಅದೂ ಆಗದಿದ್ದರೆ ಮಾತ್ರ ಹೊರದೇಶ. ಅದರ ಹಿಂದಿರುವ ಆಲೋಚನೆ ಇದು.

ಹಂತ 2: ಫೈಲನ್ನು ಎರಡು ಸಲ ಓದಿ

ಮೊದಲ ಸಲ ಮಾಹಿತಿಗಾಗಿ ಓದಿ. ಎರಡನೇ ಸಲ ಅದು ನಿಮ್ಮದೇ ಬದುಕು ಎಂಬಂತೆ ಓದಿ. ಒಂದು ಹಾಳೆಯಲ್ಲಿ ಉದ್ದಕ್ಕೆ ಗೆರೆ ಎಳೆದು ಮಗುವಿನ ವಯಸ್ಸನ್ನು ಗುರುತು ಮಾಡಿ. ಯಾವ ವಯಸ್ಸಿನಲ್ಲಿ ಯಾವ ಮನೆಯಲ್ಲಿತ್ತು, ಯಾರು ನೋಡಿಕೊಳ್ಳುತ್ತಿದ್ದರು, ಯಾಕೆ ಜಾಗ ಬದಲಾಯಿತು ಎಂದು ಬರೆಯಿರಿ. ಪ್ರತಿ ಬದಲಾವಣೆಯ ಕೆಳಗೆ ಆಗ ಮಗು ಏನೇನು ಕಳೆದುಕೊಂಡಿತು ಎಂದೂ ಬರೆಯಿರಿ. ಅಮ್ಮ ಅಷ್ಟೇ ಅಲ್ಲ. ಶಾಲೆ, ಗೆಳೆಯ, ನಾಯಿಮರಿ, ದಿನಾ ಮಲಗುತ್ತಿದ್ದ ಹೊದಿಕೆ. ಆರು ವರ್ಷದ ಮಗುವಿನ ಗೆರೆಯ ಮೇಲೆ ಐದು ಬದಲಾವಣೆ ಕಂಡಾಗ "ಈ ಮಗು ಯಾಕೆ ಯಾರನ್ನೂ ನಂಬಲ್ಲ" ಎಂಬ ಪ್ರಶ್ನೆಯೇ ಏಳುವುದಿಲ್ಲ.

ಫೈಲಿನಲ್ಲಿ ಕಂಡದ್ದು ಯಾವುದು, ಅಂದುಕೊಂಡದ್ದು ಯಾವುದು ಎಂದು ಬೇರೆ ಮಾಡಿ. "ಹಠಮಾರಿ" ಎಂಬುದು ಯಾರದೋ ಅಭಿಪ್ರಾಯ. "ಸ್ನಾನಕ್ಕೆ ಕರೆದಾಗ ಮಂಚದ ಕೆಳಗೆ ಹೋಗಿ ಅಡಗಿಕೊಂಡ" ಎಂಬುದು ಕಂಡ ವಿಷಯ. ಮೊದಲನೆಯದು ಮಗುವಿನ ಮೇಲೆ ಒಂದು ಚೀಟಿ ಅಂಟಿಸುತ್ತದೆ. ಎರಡನೆಯದು ನಿಮ್ಮನ್ನು ಯೋಚನೆಗೆ ಹಚ್ಚುತ್ತದೆ. ಫೈಲಿನಲ್ಲಿ ಖಾಲಿ ಬಿಟ್ಟ ತಿಂಗಳುಗಳಿದ್ದರೆ ಅವನ್ನೂ ಗುರುತು ಮಾಡಿಕೊಳ್ಳಿ. ಆ ತಿಂಗಳುಗಳನ್ನು ಬಲ್ಲವರು ಯಾರಾದರೂ ಇದ್ದೇ ಇರುತ್ತಾರೆ. ಈಗಲೇ ಹುಡುಕಿ. ಹತ್ತು ವರ್ಷ ಬಿಟ್ಟು ಅವರು ಸಿಗಲಿಕ್ಕಿಲ್ಲ.

ಹಂತ 3: ಮಗು ಹೀಗೇಕೆ ಎಂಬುದರ ಹಿಂದಿನ ವಿಜ್ಞಾನ ತಿಳಿದಿರಲಿ

ಬ್ರಿಟನ್ನಿನ ಮನೋವೈದ್ಯ ಜಾನ್ ಬೌಲ್ಬಿ ಮತ್ತು ಅವರ ಜೊತೆ ಕೆಲಸ ಮಾಡಿದ ಮೇರಿ ಐನ್ಸ್‌ವರ್ತ್ ಹೇಳಿದ್ದು ಸರಳ. ಅಳುವಾಗ ಎತ್ತಿಕೊಳ್ಳುವ ಒಬ್ಬರು ಇದ್ದೇ ಇರುತ್ತಾರೆ ಎಂಬ ನಂಬಿಕೆಯ ಮೇಲೆ ಮಗು ಉಳಿದದ್ದನ್ನೆಲ್ಲ ಕಟ್ಟಿಕೊಳ್ಳುತ್ತದೆ. ಆ ಒಬ್ಬರು ಬರದೇ ಹೋದರೆ, ಅಥವಾ ಅವರೇ ಭಯ ಹುಟ್ಟಿಸುವವರಾದರೆ, ಮಗು ತನಗೆ ತೋಚಿದ ಹಾಗೆ ತನ್ನನ್ನು ಕಾಪಾಡಿಕೊಳ್ಳುತ್ತದೆ. ಒಬ್ಬ ಮಗು ಯಾರ ಹತ್ತಿರವೂ ಹೋಗುವುದಿಲ್ಲ. ಇನ್ನೊಂದು ಮಗು ಗುರುತು ಪರಿಚಯವಿಲ್ಲದವರ ಮಡಿಲಲ್ಲೂ ಹೋಗಿ ಕೂರುತ್ತದೆ. ಎರಡೂ ಅದೇ ಗಾಯದ ಬೇರೆ ಬೇರೆ ರೂಪ.

ಸಮಯದ ಬೆಲೆ ಗೊತ್ತಾಗಬೇಕಾದರೆ ರುಮೇನಿಯಾದ ಅನುಭವ ನೋಡಬೇಕು. 1989ರಲ್ಲಿ ಅಲ್ಲಿನ ಸರ್ಕಾರ ಬಿದ್ದ ಮೇಲೆ, ಕಿಕ್ಕಿರಿದ ಅನಾಥಾಲಯಗಳಲ್ಲಿ ಬೆಳೆಯುತ್ತಿದ್ದ ಮಕ್ಕಳ ಸ್ಥಿತಿ ಜಗತ್ತಿಗೆ ಗೊತ್ತಾಯಿತು. 2000ದ ಆಸುಪಾಸಿನಲ್ಲಿ ಚಾರ್ಲ್ಸ್ ನೆಲ್ಸನ್, ನೇಥನ್ ಫಾಕ್ಸ್, ಚಾರ್ಲ್ಸ್ ಝೀನಾ ಎಂಬ ಸಂಶೋಧಕರು ಬುಕಾರೆಸ್ಟ್‌ನಲ್ಲಿ 136 ಮಕ್ಕಳ ಅಧ್ಯಯನ ಶುರು ಮಾಡಿದರು. ಅರ್ಧದಷ್ಟು ಮಕ್ಕಳನ್ನು ಫಾಸ್ಟರ್ ಮನೆಗಳಿಗೆ ಕಳಿಸಿದರು. ಆ ಮಕ್ಕಳ ಬುದ್ಧಿ, ಮಾತು, ಬಾಂಧವ್ಯ ಎಲ್ಲವೂ ಸುಧಾರಿಸಿದವು. ಅದರಲ್ಲೂ ಸುಮಾರು ಎರಡು ವರ್ಷ ತುಂಬುವ ಮೊದಲೇ ಮನೆ ಸೇರಿದವರಲ್ಲಿ ಹಲವು ವಿಷಯಗಳಲ್ಲಿ ಸುಧಾರಣೆ ಹೆಚ್ಚು ಕಂಡಿತು. ಅಂದರೆ ಒಂದು ಸಹಿಗಾಗಿ ಮೂರು ತಿಂಗಳು ಕಾಯುವುದು ಕಚೇರಿಗೆ ಏನೂ ಅಲ್ಲ. ಒಂದು ವರ್ಷದ ಮಗುವಿಗೆ ಅದು ಬದುಕಿನ ನಾಲ್ಕನೇ ಒಂದು ಭಾಗ. ಫೈಲ್ ಯಾರ ಮೇಜಿನ ಮೇಲಿದೆ ಎಂದು ಪದೇಪದೇ ವಿಚಾರಿಸಿ. ಬೇಜಾರು ಮಾಡಿಕೊಂಡರೂ ಪರವಾಗಿಲ್ಲ.

ದೊಡ್ಡ ಮಕ್ಕಳಿಗೆ ಇನ್ನು ಆಗುವುದಿಲ್ಲ ಎಂದು ಇದರ ಅರ್ಥವಲ್ಲ. ತಡವಾಗಿ ಮನೆ ಸೇರಿದ ಮಕ್ಕಳೂ ಚೇತರಿಸಿಕೊಳ್ಳುತ್ತಾರೆ. ಜಾಸ್ತಿ ಕಾಲ ಬೇಕು, ಜಾಸ್ತಿ ಬೆಂಬಲ ಬೇಕು.

ಹಂತ 4: ಹೋಂ ಸ್ಟಡಿಯನ್ನು ಪರೀಕ್ಷೆಯಂತೆ ನಡೆಸಬೇಡಿ

ಮಗುವನ್ನು ಕಳಿಸುವ ಮೊದಲು ಆ ಮನೆಯನ್ನೂ ಮನೆಯವರನ್ನೂ ನೋಡಿ ವರದಿ ಬರೆಯುವುದೇ ಹೋಂ ಸ್ಟಡಿ. ಇಲ್ಲಿ ನಿಮಗೆ ಎರಡು ಪಾತ್ರ. ಈ ಮನೆ ಮಗುವಿಗೆ ಸರಿಯೇ ಎಂದು ತೀರ್ಮಾನಿಸುವವರೂ ನೀವೇ, ನಾಳೆ ಅದೇ ಮನೆಗೆ ಆಸರೆಯಾಗುವವರೂ ನೀವೇ. ಇದನ್ನು ಮುಚ್ಚಿಡದೆ ಮೊದಲ ದಿನವೇ ಬಾಯಿಬಿಟ್ಟು ಹೇಳಿ. "ನಾನು ವರದಿ ಬರೀತೀನಿ, ಅದು ನನ್ನ ಕೆಲಸ. ಆದರೆ ಕಷ್ಟ ಇದೆ ಅಂತ ಹೇಳಿದ ಮನೆಯನ್ನ ನಾನು ಕೆಟ್ಟ ಮನೆ ಅಂತ ಬರೆಯಲ್ಲ. ಕಷ್ಟ ಮುಚ್ಚಿಟ್ಟರೆ ಮಾತ್ರ ನನಗೆ ಚಿಂತೆ." ಮೊದಲೇ ಹೇಳಿದ ಆ ರಾತ್ರಿಯ ನಂತರ ನಾನು ಯಾವ ಮನೆಯಲ್ಲೂ ಈ ಮಾತು ಹೇಳದೆ ಎದ್ದು ಬಂದಿಲ್ಲ.

ಪ್ರಶ್ನೆ ಕೇಳುವುದರಲ್ಲೂ ಬದಲಾವಣೆ ಬೇಕು. "ನಿಮಗೆ ತಾಳ್ಮೆ ಇದೆಯಾ?" ಎಂದು ಕೇಳಿದರೆ ಯಾರು ಇಲ್ಲ ಎನ್ನುತ್ತಾರೆ? "ಕೊನೇ ಸಲ ನೀವಿಬ್ಬರು ಜಗಳ ಆಡಿದ್ದು ಯಾವುದಕ್ಕೆ? ಯಾರು ಮೊದಲು ಮಾತಾಡಿಸಿದ್ರಿ?" ಎಂದು ಕೇಳಿ. "ಚಿಕ್ಕವರಿದ್ದಾಗ ತಪ್ಪು ಮಾಡಿದರೆ ನಿಮ್ಮ ಮನೆಯಲ್ಲಿ ಏನು ಮಾಡ್ತಿದ್ರು?" ಎಂದು ಕೇಳಿ. ಗಂಡ ಹೆಂಡತಿಯನ್ನು ಒಟ್ಟಿಗೂ ಬೇರೆ ಬೇರೆಯಾಗಿಯೂ ಮಾತಾಡಿಸಿ. ಮನೆಯಲ್ಲಿ ಮೊದಲೇ ಮಕ್ಕಳಿದ್ದರೆ ಅವರನ್ನೂ ಮಾತಾಡಿಸಿ. ಬರುವ ಮಗುವಿನ ಜೊತೆ ಕೋಣೆ, ಆಟಿಕೆ, ಅಪ್ಪ ಅಮ್ಮ ಎಲ್ಲವನ್ನೂ ಹಂಚಿಕೊಳ್ಳುವವರು ಅವರೇ ಅಲ್ವಾ?

ಮಕ್ಕಳಾಗಲಿಲ್ಲ ಎಂಬ ದುಃಖದಿಂದ ದತ್ತಿನ ಕಡೆ ಬಂದವರಿದ್ದರೆ ಆ ದುಃಖದ ಬಗ್ಗೆ ಮೆಲ್ಲಗೆ ಕೇಳಿ. ಅದು ಪೂರ್ತಿ ಹೋಗಿರಬೇಕು ಎಂದೇನಿಲ್ಲ. ಅದರ ಹೆಸರು ಹೇಳಿ ಮಾತಾಡಲು ಬಂದರೆ ಸಾಕು. ಹುಟ್ಟದೇ ಹೋದ ಮಗುವಿನ ಜಾಗ ತುಂಬಲಿ ಎಂದು ಕರೆತಂದರೆ ಆ ಹೊರೆಯನ್ನು ಈ ಮಗು ಹೊರಬೇಕಾಗುತ್ತದೆ.

ಒಂದು ಒಳ್ಳೆಯ ಉಪಕರಣವಿದೆ. ಇಕೋಮ್ಯಾಪ್ ಎನ್ನುತ್ತಾರೆ. 1970ರ ದಶಕದಲ್ಲಿ ಆ್ಯನ್ ಹಾರ್ಟ್‌ಮನ್ ಎಂಬ ಸಮಾಜಕಾರ್ಯ ತಜ್ಞೆ ರೂಪಿಸಿದ್ದು. ಹಾಳೆಯ ನಡುವೆ ಕುಟುಂಬಕ್ಕೊಂದು ವೃತ್ತ. ಸುತ್ತಲೂ ನೆಂಟರು, ನೆರೆಯವರು, ಕೆಲಸ, ಶಾಲೆ, ವೈದ್ಯರು ಹೀಗೆ ಒಂದೊಂದು ವೃತ್ತ. ಗಟ್ಟಿ ಸಂಬಂಧಕ್ಕೆ ದಪ್ಪ ಗೆರೆ, ಕಿರಿಕಿರಿಯ ಸಂಬಂಧಕ್ಕೆ ಅಂಕುಡೊಂಕು ಗೆರೆ. ಕುಟುಂಬದವರ ಕೈಯಲ್ಲೇ ಪೆನ್ನು ಕೊಡಿ. "ರಾತ್ರಿ ಎರಡು ಗಂಟೆಗೆ ಯಾರನ್ನ ಕರೀಬಹುದು?" ಎಂದು ಕೇಳಿದಾಗ ಪೆನ್ನು ನಿಂತುಹೋದರೆ ನಿಮಗೆ ಕೆಲಸ ಎಲ್ಲಿಂದ ಶುರುವಾಗಬೇಕೆಂದು ಗೊತ್ತಾಗುತ್ತದೆ.

ಔಷಧಿ ಮಕ್ಕಳ ಕೈಗೆ ಸಿಗದ ಹಾಗಿದೆಯೇ, ನೀರಿನ ತೊಟ್ಟಿಗೆ ಮುಚ್ಚಳವಿದೆಯೇ, ಮಗುವಿಗೆ ಸ್ವಂತ ಹಾಸಿಗೆ ಇದೆಯೇ ಎಂಬ ಪರಿಶೀಲನೆ, ಹಿನ್ನೆಲೆ ತಪಾಸಣೆ, ಆರೋಗ್ಯದ ಪ್ರಮಾಣಪತ್ರ ಇವೆಲ್ಲ ನಿಮ್ಮ ಫಾರ್ಮಿನಲ್ಲೇ ಇರುತ್ತವೆ. ಒಂದನ್ನೂ ಬಿಡಬೇಡಿ.

ಹಂತ 5: ಮಗು ಹೊರಡುವ ದಿನ ಮತ್ತು ಮೊದಲ ರಾತ್ರಿ

ಮಗುವಿಗೆ ನಿಜ ಹೇಳಿ, ಅದರ ವಯಸ್ಸಿನ ಮಾತಿನಲ್ಲಿ. ಪ್ರತಿ ಮಗುವಿನ ತಲೆಯಲ್ಲೂ ಮೂರು ಪ್ರಶ್ನೆ ಇರುತ್ತವೆ, ಕೇಳದಿದ್ದರೂ ಇರುತ್ತವೆ. ನಾನು ಯಾಕೆ ಹೋಗಬೇಕು? ಎಷ್ಟು ದಿನ? ನಾನೆಲ್ಲಿದ್ದೀನಿ ಅಂತ ಅಮ್ಮನಿಗೆ ಗೊತ್ತಾ? ಮೊದಲನೆಯದಕ್ಕೆ "ಇದು ನಿನ್ನ ತಪ್ಪಲ್ಲ" ಎಂದು ಸೇರಿಸಿಯೇ ಉತ್ತರಿಸಿ. ಎರಡನೆಯದಕ್ಕೆ ಉತ್ತರ ತಿಳಿಯದಿದ್ದರೆ "ನನಗೆ ಇನ್ನೂ ಗೊತ್ತಿಲ್ಲ, ಗೊತ್ತಾದ ದಿನವೇ ನಿನಗೆ ಹೇಳ್ತೀನಿ" ಎನ್ನಿ. "ಸ್ವಲ್ಪ ದಿನ ಅಷ್ಟೇ" ಎಂದು ಸುಮ್ನೆ ಸಮಾಧಾನ ಹೇಳಬೇಡಿ. ಮಕ್ಕಳು ಆ ಸ್ವಲ್ಪ ದಿನವನ್ನು ಬೆರಳಲ್ಲಿ ಎಣಿಸುತ್ತಾರೆ.

ಮಗುವಿನ ಸಾಮಾನನ್ನು ಕಸದ ಚೀಲದಲ್ಲಿ ತುಂಬಬೇಡಿ. ಒಂದು ಒಳ್ಳೆಯ ಬ್ಯಾಗ್ ನಿಮ್ಮ ಗಾಡಿಯಲ್ಲಿ ಯಾವಾಗಲೂ ಇರಲಿ. ಹಳೆಯ ಹೊದಿಕೆಯನ್ನು ಒಗೆಯಬೇಡಿ ಎಂದು ಹೊಸ ಮನೆಯವರಿಗೆ ಹೇಳಿ. ಅದರಲ್ಲಿ ಮನೆಯ ವಾಸನೆ ಇರುತ್ತದೆ.

ಹೊಸ ಮನೆಯವರ ಕೈಗೆ ಒಂದು ಪುಟದ ಹಾಳೆ ಕೊಡಿ. ನಾನು ಅದರಲ್ಲಿ ಬರೆಯುವುದು ಇಷ್ಟು:
- ಮನೆಯಲ್ಲಿ ಯಾವ ಹೆಸರಿನಿಂದ ಕರೆಯುತ್ತಿದ್ದರು
- ಹೇಗೆ ಮಲಗುತ್ತದೆ, ದೀಪ ಬೇಕಾ, ಬಾಗಿಲು ತೆರೆದಿರಬೇಕಾ
- ಔಷಧಿ, ಅಲರ್ಜಿ, ಮುಂದಿನ ವೈದ್ಯರ ಭೇಟಿಯ ದಿನಾಂಕ
- ಯಾವುದಕ್ಕೆ ಹೆದರುತ್ತದೆ, ಹೆದರಿದಾಗ ಏನು ಮಾಡಿದರೆ ಸಮಾಧಾನವಾಗುತ್ತದೆ
- ನನ್ನ ನಂಬರ್, ನಾನು ಸಿಗದಿದ್ದರೆ ರಾತ್ರಿ ಯಾರಿಗೆ ಮಾಡಬೇಕು

ಮರುದಿನ ಬೆಳಿಗ್ಗೆ ನೀವೇ ಫೋನ್ ಮಾಡಿ. "ರಾತ್ರಿ ಹೇಗಿತ್ತು?" ಎಂದು ಕೇಳಿ, ಸುಮ್ಮನಿದ್ದು ಕೇಳಿಸಿಕೊಳ್ಳಿ. ಇವರ ಹತ್ತಿರ ಕಷ್ಟ ಹೇಳಿಕೊಳ್ಳಬಹುದು ಎಂದು ಆ ಮನೆಯವರಿಗೆ ಅನ್ನಿಸಲು ಶುರುವಾಗುವುದು ಈ ಮೊದಲ ಕರೆಯಿಂದ.

ಹಂತ 6: ಮನೆ ಭೇಟಿ

ಅತಿ ಹೆಚ್ಚು ಸಮಯ ಕೊಡಬೇಕಾದ್ದು ಇದಕ್ಕೇ. ಎಷ್ಟು ದಿನಕ್ಕೊಮ್ಮೆ ಹೋಗಬೇಕೆಂದು ನಿಯಮ ಹೇಳುತ್ತದೆ. ಮೊದಲ ಎರಡು ತಿಂಗಳು ಅದಕ್ಕಿಂತ ಜಾಸ್ತಿ ಹೋಗಿ. ಯಾವಾಗಲೂ ಒಂದೇ ಹೊತ್ತಿಗೆ ಹೋಗಬೇಡಿ. ಮಧ್ಯಾಹ್ನ ಶಾಂತವಾಗಿರುವ ಮನೆ, ಸಂಜೆ ಶಾಲೆ ಬಿಟ್ಟ ಮೇಲೆ ಬೇರೆಯೇ ಮನೆ.

ಪ್ರತಿ ಭೇಟಿಯಲ್ಲೂ ಮಗುವಿನ ಜೊತೆ ಸ್ವಲ್ಪ ಹೊತ್ತು ಒಂಟಿಯಾಗಿ ಇರಿ. ಎದುರಿಗೆ ಕೂರಿಸಿ ಪ್ರಶ್ನೆ ಕೇಳಿದರೆ ಮಕ್ಕಳು ಮಾತಾಡುವುದಿಲ್ಲ. ಚಿತ್ರ ಬಿಡಿಸುತ್ತಾ, ನಡೆಯುತ್ತಾ ಮಾತಾಡಿ. ಮಲಗುವ ಜಾಗ ತೋರಿಸು ಎನ್ನಿ. ಮಾತು ಬಾರದ ಮಗುವಾದರೆ ನೋಡಿ ತಿಳಿಯಬೇಕು. ಬಿದ್ದು ಪೆಟ್ಟಾದಾಗ ಯಾರ ಕಡೆ ಓಡುತ್ತದೆ? ಯಾರ ಕಡೆಯೂ ಓಡದೆ ತಾನೇ ಎದ್ದು ಧೂಳು ಕೊಡವಿಕೊಂಡರೆ ಅದನ್ನು "ಧೈರ್ಯವಂತ ಮಗು" ಎಂದು ಬರೆಯಬೇಡಿ. ಯಾರೂ ಬರುವುದಿಲ್ಲ ಎಂದು ಕಲಿತಿರುವ ಮಗು ಅದು.

ದೊಡ್ಡವರನ್ನು "ಎಲ್ಲ ಚೆನ್ನಾಗಿದೆಯಾ?" ಎಂದು ಕೇಳಬೇಡಿ. ಹೂಂ ಎನ್ನುತ್ತಾರೆ, ಮುಗಿಯಿತು. "ಈ ವಾರದಲ್ಲಿ ಅತಿ ಕಷ್ಟದ ಗಂಟೆ ಯಾವುದು?" ಎಂದು ಕೇಳಿ. ಈ ಪ್ರಶ್ನೆಯಲ್ಲೇ, ಕಷ್ಟದ ಗಂಟೆ ಎಲ್ಲರ ಮನೆಯಲ್ಲೂ ಇರುತ್ತದೆ ಎಂಬ ಒಪ್ಪಿಗೆ ಇದೆ. ನಾನು ಆ ಆರು ವಾರ ಈ ಪ್ರಶ್ನೆ ಕೇಳಿದ್ದರೆ ಎಂದು ಈಗಲೂ ಅನ್ನಿಸುತ್ತದೆ.

ಮೊದಲ ಕೆಲವು ವಾರ ಮಗು ತುಂಬ ಒಳ್ಳೆಯದಾಗಿ ಇರಬಹುದು. ಆಮೇಲೆ ಕಿರುಚಾಟ, ಸುಳ್ಳು, ವಸ್ತು ಒಡೆಯುವುದು ಶುರುವಾಗುತ್ತದೆ. ಮನೆಯವರು ಹೆದರಿಬಿಡುತ್ತಾರೆ, ನಾವೇ ಏನೋ ತಪ್ಪು ಮಾಡಿದೆವು ಎಂದುಕೊಳ್ಳುತ್ತಾರೆ. ಇದು ಹೀಗೆ ಆಗಬಹುದು ಎಂದು ಮೊದಲೇ ಹೇಳಿಡಿ. ಮಗು ಈಗ ಸ್ವಲ್ಪ ನಿರಾಳವಾಗಿದೆ, ಹಾಗಾಗಿ "ಹೀಗಿದ್ದರೂ ನನ್ನನ್ನ ಇಟ್ಕೊಳ್ತಾರಾ?" ಎಂದು ನೋಡುತ್ತಿದೆ.

ಊಟ ಬಚ್ಚಿಡುವುದು ಬಹಳ ಮನೆಗಳಲ್ಲಿ ಕಾಣುತ್ತದೆ. ದಿಂಬಿನ ಕೆಳಗೆ ಹಳಸಿದ ತಿಂಡಿ ಸಿಕ್ಕಾಗ ದೊಡ್ಡವರಿಗೆ ಬೇಸರ, ಸಿಟ್ಟು. ಹಸಿದು ಮಲಗಿದ ದಿನಗಳನ್ನು ಕಂಡ ಮಗುವಿಗೆ ಅದು ಕಳ್ಳತನ ಅಲ್ಲ, ನಾಳೆಯ ಭದ್ರತೆ. ಬೈಯುವ ಬದಲು ಮಗುವಿನ ಹೆಸರು ಬರೆದ ಒಂದು ಡಬ್ಬಿ ಕೊಡಿ, ಕೆಡದ ತಿಂಡಿ ತುಂಬಿಡಿ, ಖಾಲಿಯಾದಾಗ ಕೇಳದೆಯೇ ಮತ್ತೆ ತುಂಬಿಸಿ ಎಂದು ಹೇಳಿ. ತಿಂಗಳುಗಟ್ಟಲೆ ಹಿಡಿಯಬಹುದು. ಒಂದು ದಿನ ಆ ಡಬ್ಬಿ ಮುಟ್ಟದೆ ಹಾಗೇ ಉಳಿದಿರುತ್ತದೆ. ಅಂಥ ಒಂದು ಡಬ್ಬಿಯನ್ನು ಒಬ್ಬ ತಾಯಿ ಬಾಗಿಲಲ್ಲೇ ನಿಂತು ನನಗೆ ತೋರಿಸಿದ್ದರು. ಇಬ್ಬರ ಕಣ್ಣಲ್ಲೂ ನೀರು.

ಅಮೆರಿಕದ ಮನಃಶಾಸ್ತ್ರಜ್ಞ ಡ್ಯಾನ್ ಹ್ಯೂಸ್ ಇಂಥ ಮಕ್ಕಳ ಜೊತೆ ಇರುವ ಬಗೆಗೆ ನಾಲ್ಕು ಗುಣ ಹೇಳುತ್ತಾರೆ: ಲವಲವಿಕೆ, ಒಪ್ಪಿಕೊಳ್ಳುವುದು, ಕುತೂಹಲ, ಮರುಕ. ಮನೆಯವರಿಗೆ ನಾನು ಮುಖ್ಯವಾಗಿ ಕುತೂಹಲ ಕಲಿಸಲು ನೋಡುತ್ತೇನೆ. "ಯಾಕೆ ಹೀಗ್ಮಾಡ್ದೆ?" ಎಂದು ಗದರುವುದು ಬೇರೆ. "ಇವತ್ತು ಮನಸ್ಸಿಗೆ ಏನೋ ಆಗಿರ್ಬೇಕು, ಏನಿರಬಹುದು?" ಎಂದು ಪಕ್ಕದಲ್ಲಿ ಕೂರುವುದು ಬೇರೆ. ಮಗುವನ್ನು ಕೋಣೆಯಲ್ಲಿ ಒಂಟಿಯಾಗಿ ಕೂರಿಸುವ ಶಿಕ್ಷೆ ಇವರ ಮೇಲೆ ನಡೆಯುವುದಿಲ್ಲ, ಅವರ ಹಳೇ ಭಯವೇ ಅದು. ಹೊಡೆಯುವುದಂತೂ ಬೇಡವೇ ಬೇಡ. ಇದರಲ್ಲಿ ರಾಜಿ ಇಲ್ಲ ಎಂದು ಮೊದಲೇ ಹೇಳಿ.

ವರ್ತನೆಯ ಸಮಸ್ಯೆ ಎನ್ನುವ ಮುಂಚೆ ಕಿವಿ, ಕಣ್ಣು, ಹಲ್ಲು ಪರೀಕ್ಷೆ ಮಾಡಿಸಿ. ಕರೆದರೂ ಬಾರದ ಮಗುವಿಗೆ ಕಿವಿ ಕೇಳಿಸದೇ ಇರಬಹುದು. ಹೆತ್ತ ತಾಯಿ ಬಸಿರಿಯಾಗಿದ್ದಾಗ ಮದ್ಯ ಕುಡಿದಿದ್ದರೆ ಮಗುವಿನ ಮೆದುಳಿನ ಬೆಳವಣಿಗೆಗೆ ಪೆಟ್ಟು ಬಿದ್ದಿರಬಹುದು. ಆಗ ಹೇಳಿದ್ದನ್ನು ಮರೆಯುವುದು ಹಠ ಅಲ್ಲ.

ಹಂತ 7: ಹೆತ್ತ ಕುಟುಂಬವನ್ನು ಚಿತ್ರದಿಂದ ಅಳಿಸಬೇಡಿ

ಹೆತ್ತವರನ್ನು ಭೇಟಿಯಾಗಿ ಬಂದ ದಿನ ಮಗು ಹಾಸಿಗೆ ಒದ್ದೆ ಮಾಡಿಕೊಳ್ಳಬಹುದು, ಜಗಳ ತೆಗೆಯಬಹುದು. "ನೋಡಿ, ಈ ಭೇಟಿಯೇ ಬೇಡ" ಎಂದು ಫಾಸ್ಟರ್ ಮನೆಯವರು ಹೇಳುತ್ತಾರೆ. ಆತುರಪಡಬೇಡಿ. ಭೇಟಿಯಲ್ಲಿ ಮಗುವಿಗೆ ತೊಂದರೆ ಆಯಿತೇ, ಅಥವಾ ಮತ್ತೆ ಬಿಟ್ಟು ಬರಬೇಕಾದ ಸಂಕಟವೇ ಎಂದು ಮೊದಲು ತಿಳಿದುಕೊಳ್ಳಿ. ಬದುಕಿದ್ದಾರೆ ಆದರೆ ಜೊತೆಗಿಲ್ಲ, ಇಂಥ ನಷ್ಟಕ್ಕೆ ಪಾಲಿನ್ ಬಾಸ್ ಎಂಬ ಸಂಶೋಧಕಿ ಅಸ್ಪಷ್ಟ ನಷ್ಟ ಎಂಬ ಅರ್ಥದ ಹೆಸರು ಕೊಟ್ಟರು. ಸತ್ತವರಿಗಾದರೆ ಅತ್ತು ಮುಗಿಸಬಹುದು. ಇದಕ್ಕೆ ಕೊನೆ ಎಂಬುದಿಲ್ಲ. ಭೇಟಿಯ ಮರುದಿನ ಯಾವ ಕಾರ್ಯಕ್ರಮವನ್ನೂ ಇಟ್ಟುಕೊಳ್ಳಬೇಡಿ ಎಂದು ಮನೆಯವರಿಗೆ ಹೇಳಿ.

ಅಣ್ಣ ತಂಗಿಯರನ್ನು ಒಟ್ಟಿಗೇ ಇಡಲು ಪೂರ್ತಿ ಪ್ರಯತ್ನ ಮಾಡಿ. ಆಗದಿದ್ದರೆ ಅವರು ಎಂದು, ಎಲ್ಲಿ ಸೇರುತ್ತಾರೆ ಎಂಬುದನ್ನು ದಿನಾಂಕದ ಸಮೇತ ಬರೆದಿಡಿ. "ಆಗಾಗ ಸೇರಿಸೋಣ" ಎಂದದ್ದು ಎಂದೂ ಆಗುವುದಿಲ್ಲ.

ದತ್ತು ಎಂಬುದನ್ನು ಮಗುವಿಗೆ ಯಾವಾಗ ಹೇಳಬೇಕು ಎಂದು ಎಲ್ಲರೂ ಕೇಳುತ್ತಾರೆ. ಮಗುವಿಗೆ ಅದು ಗೊತ್ತಾದ ದಿನ ಯಾವುದೆಂದೇ ನೆನಪಿರಬಾರದು, ಅಷ್ಟು ಬೇಗ. ಮಾತು ಕಲಿಯುವ ಮುಂಚೆಯೇ ಕತೆಯ ಹಾಗೆ ಹೇಳಲು ಶುರು ಮಾಡಲಿ. ವಯಸ್ಸಾದಂತೆ ವಿವರ ಸೇರಿಸುತ್ತಾ ಹೋಗಲಿ. ಬೇರೆಯವರ ಬಾಯಿಂದ ತಿಳಿದರೆ ಇಷ್ಟು ವರ್ಷ ಮುಚ್ಚಿಟ್ಟರಲ್ಲ ಎಂಬ ನೋವೇ ದೊಡ್ಡದಾಗುತ್ತದೆ. ಇದಕ್ಕೆ ಮಗುವಿನ ಜೊತೆ ಕೂತು ಒಂದು ಜೀವನ ಪುಸ್ತಕ ಮಾಡಿ. ಹುಟ್ಟಿದ ಜಾಗದ ಫೋಟೊ, ಮೊದಲ ಆರೈಕೆ ಮಾಡಿದವರ ಒಂದು ಪತ್ರ, ಹೆಸರಿಟ್ಟವರು ಯಾರು ಎಂಬುದು, ಎಲ್ಲವೂ ಅದರಲ್ಲಿರಲಿ.

ಹಂತ 8: ದಾಖಲೆ

ಭೇಟಿಯ ದಿನವೇ ಬರೆಯಿರಿ. ಮಗುವಿನ ಮಾತನ್ನು ಅದರದೇ ಪದಗಳಲ್ಲಿ ಬರೆಯಿರಿ. ಇಪ್ಪತ್ತು ವರ್ಷ ಬಿಟ್ಟು ಅದೇ ಮಗು ದೊಡ್ಡವನಾಗಿ ಬಂದು ಈ ಫೈಲ್ ಕೇಳಬಹುದು. "ತಾಯಿ ಬೇಜವಾಬ್ದಾರಿ" ಎಂದು ಅವನು ಓದಬೇಕೇ? "ತಾಯಿ ಎರಡು ಬಸ್ ಬದಲಾಯಿಸಿ ಬಂದಿದ್ದರು, ಇಪ್ಪತ್ತು ನಿಮಿಷ ತಡವಾಗಿತ್ತು, ಮಗುವಿಗೆ ಒಂದು ಚೆಂಡು ತಂದಿದ್ದರು" ಎಂದು ಓದಬೇಕೇ? ಎರಡನೆಯದರಲ್ಲಿ ನಿಜವೂ ಇದೆ, ಅವನ ಅಮ್ಮನೂ ಇದ್ದಾಳೆ.

ಹಂತ 9: ಮನೆ ಮುರಿಯುವ ಸೂಚನೆ ಕಂಡಾಗ

ಮನೆಯವರು ಹೆಸರು ಹೇಳುವುದನ್ನು ಬಿಟ್ಟು "ನಿಮ್ಮ ಹುಡುಗ" ಎನ್ನಲು ಶುರು ಮಾಡುತ್ತಾರೆ. ನಿಮ್ಮ ಭೇಟಿಯನ್ನು ಎರಡು ಸಲ ಮುಂದೂಡುತ್ತಾರೆ. ಗಂಡ ಹೆಂಡತಿಯಲ್ಲಿ ಒಬ್ಬರು ಭೇಟಿಗೆ ಸಿಗುವುದೇ ಇಲ್ಲ. ಮನೆಯ ಸ್ವಂತ ಮಗು ಮೌನವಾಗುತ್ತದೆ. ಇಷ್ಟು ಕಂಡರೆ ಒಂದೆರಡು ದಿನದೊಳಗೆ ಹೋಗಿ. ಮೊದಲು ಕೇಳಿಸಿಕೊಳ್ಳಿ, ಸಲಹೆ ಬೇಡ. ದಣಿದವರಿಗೆ ಸಲಹೆ ಬೈಗುಳದ ಹಾಗೆ ಕೇಳಿಸುತ್ತದೆ. ಆಮೇಲೆ ಒಂದು ವಾರಾಂತ್ಯ ಮಗುವಿಗೆ ಪರಿಚಯವಿರುವ ಇನ್ನೊಂದು ಮನೆಯಲ್ಲಿ ವ್ಯವಸ್ಥೆ ಮಾಡಿ, ಇವರು ನಿದ್ದೆ ಮಾಡಲಿ. ಶಾಲೆಯವರು, ಕೌನ್ಸೆಲರ್, ವೈದ್ಯರನ್ನು ಸೇರಿಸಿ ಸಭೆ ಕರೆಯಿರಿ. ಯಾರು ಏನನ್ನು ಯಾವ ದಿನದೊಳಗೆ ಮಾಡುತ್ತಾರೆ ಎಂದು ಅಲ್ಲೇ ಬರೆಯಿರಿ.

ಇಷ್ಟಾದರೂ ಉಳಿಯದಿದ್ದರೆ ಮಗು ರಾತ್ರೋರಾತ್ರಿ ಹೊರಡುವ ಹಾಗಾಗಬಾರದು. ಬೀಳ್ಕೊಡುಗೆ ಇರಲಿ, ಫೋಟೊ ಇರಲಿ, ಮನೆಯವರು ಮಗುವಿಗೊಂದು ಪತ್ರ ಬರೆಯಲಿ.

ದೌರ್ಜನ್ಯದ ಅನುಮಾನ ಬಂದರೆ ಈ ಯಾವ ಕ್ರಮವೂ ಅಲ್ಲ. ಅದೇ ದಿನ ಮೇಲಿನವರಿಗೆ, ಕಾನೂನು ಹೇಳಿದ ಕಡೆಗೆ ತಿಳಿಸಿ. "ಯಾರಿಗೂ ಹೇಳಲ್ಲ ಅಂತ ಪ್ರಾಮಿಸ್ ಮಾಡಿ" ಎಂದು ಮಗು ಕೇಳಿದರೆ ಮಾತು ಕೊಡಬೇಡಿ. "ನಿನ್ನನ್ನ ಕಾಪಾಡೋಕೆ ಯಾರಿಗೆ ಹೇಳ್ಬೇಕೋ ಅವರಿಗೆ ಮಾತ್ರ ಹೇಳ್ತೀನಿ" ಎನ್ನಿ. ಬಗೆದು ಬಗೆದು ಪ್ರಶ್ನೆ ಕೇಳಬೇಡಿ, ಅದಕ್ಕೆ ತರಬೇತಿ ಪಡೆದವರಿದ್ದಾರೆ.

ಹಂತ 10: ದತ್ತು ಆದೇಶ ಬಂದ ಮೇಲೂ

ಆದೇಶ ಬಂದ ದಿನ ಫೋಟೊ, ಸಂಭ್ರಮ, ಫೈಲ್ ಬಂದ್. ನಿಜವಾದ ಪ್ರಶ್ನೆಗಳು ಹತ್ತು ಹನ್ನೆರಡನೇ ವಯಸ್ಸಿನಲ್ಲಿ ಏಳುತ್ತವೆ. ದತ್ತಿನ ಬದುಕಿನುದ್ದಕ್ಕೂ ಮತ್ತೆ ಮತ್ತೆ ಬರುವ ಏಳು ವಿಷಯಗಳನ್ನು ಡೆಬೊರಾ ಸಿಲ್ವರ್‌ಸ್ಟೀನ್ ಮತ್ತು ಶರಾನ್ ಕಪ್ಲಾನ್ 1980ರ ದಶಕದಲ್ಲಿ ಗುರುತಿಸಿದರು: ನಷ್ಟ, ತಿರಸ್ಕಾರ, ಅಪರಾಧ ಭಾವ ಮತ್ತು ನಾಚಿಕೆ, ಶೋಕ, ಗುರುತು, ಆತ್ಮೀಯತೆ, ಬದುಕಿನ ಮೇಲಿನ ಹಿಡಿತ. ಇವು ಮಗುವಿಗಷ್ಟೇ ಅಲ್ಲ, ಹೆತ್ತವರಿಗೂ ಸಾಕಿದವರಿಗೂ ಇರುತ್ತವೆ. ವರ್ಷಕ್ಕೊಮ್ಮೆಯಾದರೂ ನೀವಾಗಿಯೇ ವಿಚಾರಿಸಿಕೊಳ್ಳುವ ಏರ್ಪಾಡು ನಿಮ್ಮ ಸಂಸ್ಥೆಯಲ್ಲಿ ಇರಲಿ. ಹದಿಹರೆಯದ ಮಗಳು "ನೀವು ನನ್ನ ನಿಜವಾದ ಅಮ್ಮ ಅಲ್ಲ" ಎಂದ ದಿನ ಆ ತಾಯಿಗೆ ಕರೆಯಲು ಒಂದು ನಂಬರ್ ಬೇಕು.

ಹಂತ 11: ನೀವೂ ಮನುಷ್ಯರು

ಬೇರೆಯವರ ಗಾಯದ ಕತೆಯನ್ನು ದಿನಾ ಕೇಳಿದರೆ ಅದು ನಿಮ್ಮೊಳಗೂ ಇಳಿಯುತ್ತದೆ. ಮನೆಗೆ ಬಂದರೂ ಆ ಮುಖಗಳು ಕಣ್ಣೆದುರು ಬರುವುದು, ನಿದ್ದೆ ಕೆಡುವುದು, ಅಥವಾ ಏನು ಕೇಳಿದರೂ ಏನೂ ಅನ್ನಿಸದಿರುವುದು ಅದರ ಲಕ್ಷಣ. ಹಿರಿಯರ ಜೊತೆ ನಿಯಮಿತವಾಗಿ ಕೂತು ಮಾತಾಡುವ ಸಮಯವನ್ನು ಕೆಲಸದ ಭಾಗವಾಗಿಯೇ ಕೇಳಿ ಪಡೆಯಿರಿ. ಕೈಯಲ್ಲಿರುವ ಕುಟುಂಬಗಳ ಸಂಖ್ಯೆ ಜಾಸ್ತಿಯಾಗಿ ಭೇಟಿ ತಪ್ಪುತ್ತಿದ್ದರೆ ಬರವಣಿಗೆಯಲ್ಲಿ ತಿಳಿಸಿ.

ಕೆಲಸ ಬಿಡುವಾಗ ಅಥವಾ ಬೇರೆ ಕಡೆ ಹೋಗುವಾಗ ಸುಮ್ನೆ ಮಾಯವಾಗಬೇಡಿ. ಈ ಮಕ್ಕಳ ಬದುಕಿನಲ್ಲಿ ಹಾಗೆ ಮಾಯವಾದವರು ಈಗಾಗಲೇ ತುಂಬ ಜನ. ಹೊಸ ಕೇಸ್‌ವರ್ಕರ್‌ನನ್ನು ನೀವೇ ಕರೆದುಕೊಂಡು ಆ ಮನೆಗೆ ಹೋಗಿ. ಯಾಕೆ ಹೋಗುತ್ತಿದ್ದೀರಿ ಎಂದು ಮಗುವಿಗೆ ಹೇಳಿ. ಆಮೇಲೆ ಮಗುವಿನ ಎದುರಿಗೇ ಹೊಸಬರಿಗೆ ಎಲ್ಲ ತಿಳಿಸಿ: ತಿಂಡಿ ಡಬ್ಬಿ ಎಲ್ಲಿದೆ, ರಾತ್ರಿ ಯಾವ ದೀಪ ಉರಿಯುತ್ತಿರಬೇಕು, ಅಣ್ಣನ ಮುಂದಿನ ಭೇಟಿ ಯಾವ ತಾರೀಖು. ಹೊರಡುವ ಮುಂಚೆ ಫ್ರಿಜ್ಜಿನ ಮೇಲಿನ ಚೀಟಿಯಲ್ಲಿ ನಿಮ್ಮ ನಂಬರಿನ ಜಾಗದಲ್ಲಿ ಅವರ ನಂಬರ್ ಬರೆದು ಬನ್ನಿ.